ತೊಟ್ಟಿಗೆ ಹೋದ ಹಾಳೆಗಳು

ಮೊನ್ನೆ ನಲ್ಲಿ ಸೋರಿ ಅಡುಗೆಮನೆಯ ರಟ್ಟಿನ ಡಬ್ಬಿ ನೆನೆದುಹೋಗಿತ್ತು. ಎತ್ತಿದರೆ ಕೈಯಲ್ಲೇ ಹಿಟ್ಟಾಯಿತು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬನಹಟ್ಟಿಯ ನಮ್ಮ ಓಣಿ, ಬಾಜೂ ಮನೆಯ ಕಾಕು... ಒರೆಸುವ ಬಟ್ಟೆ ಹಿಡಿದು ಹಾಗೇ ನಿಂತುಬಿಟ್ಟೆ.

ಕಾಕುವಿನ ಮನೆಯಲ್ಲಿ ಮಗ್ಗಗಳಿದ್ದವು. ಯಾವುದೋ ತರಬೇತಿಗೆ ಹೋಗಿ ಬಂದವಳು ಮಗ್ಗದಡಿ ಬಿದ್ದ ಹತ್ತಿ ನೂಲಿನ ತುಂಡುಗಳನ್ನು ನೆನೆಸಿ, ರುಬ್ಬಿ, ತೊಟ್ಟಿಯ ನೀರಲ್ಲಿ ಕದಡಿ, ಜರಡಿಯಂಥ ಜಾಳಿಗೆಯಿಂದ ತೆಳ್ಳಗೆ ಎತ್ತಿ ಕಾಗದ ಮಾಡಲು ಕಲಿತಳು. ಕಲಿತವಳೇ ಹಟ ಹಿಡಿದಳು, ಮಗಳ ಮದುವೆ ಕಾರ್ಡು ತನ್ನ ಕಾಗದದ ಮೇಲೆಯೇ ಆಗಬೇಕೆಂದು.

ಅಬ್ಬಾ, ಅವಳ ಆ ಚಡಪಡಿಕೆ! ಹಾಳೆಗಳನ್ನು ಮಾಳಿಗೆಯ ಮೇಲೆ ಒಣಹಾಕಿ ಕೆಳಗಿಳಿದರೆ ಕಾಲು ನಿಲ್ಲುತ್ತಿರಲಿಲ್ಲ. ಮತ್ತೆ ಹತ್ತುವಳು, ಮುಟ್ಟುವಳು, ಹಸಿ ಹಾಳೆಯಲ್ಲಿ ಬೆರಳಿನ ಗುರುತು ಮೂಡಿತೆಂದು ತನ್ನನ್ನೇ ಬೈದುಕೊಳ್ಳುವಳು.

"ಒಂದೀಟು ಕುಂಡ್ರ ಬೇ, ಒಣಗಲಿ," ಅನ್ನುತ್ತಿದ್ದಳು ನಮ್ಮವ್ವ.

"ಹೆಂಗ ಕುಂಡ್ರಲಿರಿ ಅಕ್ಕಾರ, ಮದುವಿ ಬಂದು ನಿಂತೈತಿ!"

ಅವಳು ಎಡವಿದ್ದು ನೇಕಾರರ ಬುದ್ಧಿಯಿಂದಲೇ. ಮಗ್ಗಕ್ಕೆ ಉದ್ದುದ್ದ ಕಟ್ಟುವ ಹಾಸಿನ ನೂಲಿಗೆ ಗಂಜಿ ಕುಡಿಸಿದರೆ ಗಟ್ಟಿಯಾಗುವುದನ್ನು ಹುಟ್ಟಿದಾಗಿನಿಂದ ಕಂಡವಳು, ಕಾಗದಕ್ಕೂ ಕೈಬಿಚ್ಚಿ ಗಂಜಿ ಬಳಿದಳು. ಹಾಳೆಗಳೇನೋ ಮಿಂಚಿದವು. ಆದರೆ ಅಚ್ಚಿಗೆ ಒಯ್ದಾಗ ಪ್ರೆಸ್ಸಿನವನು ಮಡಚಿದ್ದೇ ತಡ, ಹಪ್ಪಳದ ಹಾಗೆ ಮುರಿದವು. ಅವಳ ಆಗಿನ ಮುಖ ನೆನೆದರೆ ಈಗಲೂ ಸಂಕಟವಾಗುತ್ತದೆ.

ಮನೆಗೆ ಬಂದು ಅಷ್ಟನ್ನೂ ಮತ್ತೆ ತೊಟ್ಟಿಗೆ ಸುರಿದಳು. ಮದುವೆ ಅವಳಿಗಾಗಿ ಕಾಯಲಿಲ್ಲ. ಅಂಗಡಿಯ ಕಾರ್ಡೇ ಗತಿಯಾಯಿತು. ಆಮೇಲಾದರೂ ಸುಮ್ಮನಾದಳೇ? ಕಾಗದ ಮಾಡುವಳು, ಬೆಳಕಿಗೆ ಹಿಡಿಯುವಳು, ಎಲ್ಲೋ ಒಂದು ಗಂಟು ಕಂಡರೆ ಮತ್ತೆ ತೊಟ್ಟಿಗೆ. ಒಮ್ಮೆ ನನಗೊಂದು ಹಾಳೆ ಕೊಟ್ಟಳು. ಮರುದಿನವೇ ಬಾಗಿಲಿಗೆ ಬಂದಳು.

"ತಾ ಇಲ್ಲೆ, ಒಂದ ಕಡೆ ದಪ್ಪ ಆಗೈತಿ."

"ಇರಲಿ ಬಿಡ ಕಾಕೂ, ನನಗ ಇದ ಛಲೋ ಐತಿ."

"ನಿನಗೇನ ತಿಳೀತೈತಿ? ಇದಕ್ಕಿಂತ ಛಲೋದು ಮಾಡಿ ಕೊಡ್ತೀನಿ." ಕಸಿದುಕೊಂಡೇ ಹೋದಳು.

ಆ ಛಲೋದು ಬರಲೇ ಇಲ್ಲ. ಕಾಕು ತೀರಿಕೊಂಡು ವರ್ಷಗಳಾದವು... ಸಿಟ್ಟು ಬರುತ್ತದೆ ನನಗೆ, ಒಂದನ್ನಾದರೂ ಬಿಟ್ಟು ಹೋಗಬಾರದಿತ್ತೇ ಎಂದು. ನಿನ್ನೆ ತಡೆಯಲಾರದೆ ಜಮಖಂಡಿಯಲ್ಲಿರುವ ಅವಳ ಮಗಳಿಗೆ ಫೋನು ಮಾಡಿ, ಅವ್ವನ ಕಾಗದ ಒಂದಾದರೂ ಉಳಿದಿದೆಯೇ ಎಂದು ಕೇಳಿದೆ.



"ಮನಿ ತುಂಬ ಹುಡುಕೇನಿ, ಇಲ್ಲಕ್ಕಾ," ಅಂದಳು. "ನಿನ್ನ ಹತ್ರ ಒಂದರ ಇದ್ದೀತು ಅಂತ ಇಷ್ಟ ದಿನ ಸಮಾಧಾನ ಮಾಡ್ಕೊಂಡಿದ್ದೆ."