ಸೂಜಿಯಮ್ಮನ ತೂಕದ ಕೋಣೆ

ಆರೋಗ್ಯ ಕೇಂದ್ರದ ನರ್ಸಿಗೆ ಊರಿನವರು ಇಟ್ಟ ಹೆಸರು ಸೂಜಿಯಮ್ಮ. ಇಪ್ಪತ್ತಾರು ವರ್ಷಗಳಿಂದ ಊರಿನ ಮಕ್ಕಳಿಗೆಲ್ಲ ಲಸಿಕೆ ಚುಚ್ಚಿದವಳು ಅವಳೇ. ಕೆಲವರಿಗೆ ತೊಡೆಗೆ, ಕೆಲವರಿಗೆ ತೋಳಿಗೆ, ಓಡಲು ನೋಡಿದವರಿಗೆ ಸಿಕ್ಕ ಕಡೆಗೆ. ಆ ಮಕ್ಕಳು ಈಗ ಬೆಳೆದು, ಕೆಲಸ ಹಿಡಿದು, ಗಂಭೀರವಾಗಿ ಓಡಾಡುತ್ತಿದ್ದರೂ ಅವಳು ಎದುರಾದರೆ ಕೈ ತಾನಾಗಿಯೇ ತೋಳು ಸವರಿಕೊಳ್ಳುತ್ತಿತ್ತು.

ಇಂಥವಳ ಕೈಗೇ ಮೇಲಿನವರು ಯುವಜನರ ಕ್ಲಿನಿಕ್ ಒಪ್ಪಿಸಿದರು. ಮುಂಬದಿಯ ಒಂದು ಕೋಣೆ, ಮೇಜು, ಎರಡು ಕುರ್ಚಿ, ಬೀಗವಿರುವ ಬೀರು. ಬೀರುವಿನಲ್ಲಿ ಕಾಂಡೋಮ್, ಮಾತ್ರೆ, ಗರ್ಭ ಪರೀಕ್ಷೆಯ ಕಿಟ್ಟು. ಬಾಗಿಲ ಮೇಲೆ ‘ಯುವಜನರ ಲೈಂಗಿಕ ಆರೋಗ್ಯ ಸಲಹಾ ಕೇಂದ್ರ’ ಎಂಬ ಬೋರ್ಡು, ಒಂದೊಂದು ಅಕ್ಷರವೂ ಮೊಳದುದ್ದ, ಅದೂ ಕೆಂಪು ಬಣ್ಣದಲ್ಲಿ. ಕಾಯುವವರಿಗೆಂದು ಹಾಕಿದ್ದ ಬೆಂಚು ಸೀದಾ ಬಸ್ ನಿಲ್ದಾಣಕ್ಕೆ ಮುಖ ಮಾಡಿತ್ತು.

ಐದು ತಿಂಗಳಲ್ಲಿ ಬಂದವರು ಇಬ್ಬರು. ಒಬ್ಬ ಶೌಚಾಲಯ ಎಲ್ಲಿದೆ ಎಂದು ಕೇಳಿದ. ಇನ್ನೊಬ್ಬಳು ಮಳೆ ನಿಲ್ಲುವ ತನಕ ಕೂತು ಎದ್ದು ಹೋದಳು.

ಬೋರ್ಡು, ಬೆಂಚು ಸಾಲದು ಅಂತ ಚೀಟಿ ಬರೆಯುವ ಕಿಟಕಿಯಲ್ಲಿ ಗುಮಾಸ್ತ ಬೇರೆ ಇದ್ದ. ಅವನ ಅಡ್ಡಹೆಸರು ಮೈಕು. ಮನುಷ್ಯ ಕೆಟ್ಟವನಲ್ಲ, ಆದರೆ ಅವನ ಗಂಟಲಿಗೆ ಪಿಸುಮಾತು ಗೊತ್ತಿರಲಿಲ್ಲ. “ಏನು ತೊಂದರೆ? ಮೂಲವ್ಯಾಧಿಯಾ? ಎಷ್ಟು ದಿನದಿಂದ?” ಎಂದು ಅವನು ಕೇಳಿದರೆ ಎದುರಿನ ಚಹಾ ಅಂಗಡಿಯವರು ಉತ್ತರಕ್ಕೆ ಕಾಯುತ್ತಿದ್ದರು.

ಒಂದು ಮಧ್ಯಾಹ್ನ ಹೊಲಿಗೆ ಅಂಗಡಿಯಲ್ಲಿ ಕೆಲಸ ಮಾಡುವ ಇಪ್ಪತ್ತೊಂದರ ಹುಡುಗಿಯೊಬ್ಬಳು ಕಿಟಕಿಯ ಮುಂದೆ ನಿಂತಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು.

“ಏನು ತೊಂದರೆ? ಜೋರಾಗಿ ಹೇಳಮ್ಮ!” ಎಂದ ಮೈಕು.

ಹುಡುಗಿ ಬೋರ್ಡು ನೋಡಿದಳು, ಬಸ್ ನಿಲ್ದಾಣ ನೋಡಿದಳು, ಕೊನೆಗೆ ನೆಲ ನೋಡಿದಳು. “ತೂಕ... ತೂಕ ನೋಡಿಸ್ಬೇಕಿತ್ತು.”

ಸೂಜಿಯಮ್ಮ ಒಳಗಿನಿಂದಲೇ ಆ ದನಿ ಹಿಡಿದಳು. ಕಡ್ಡಿಯ ಹಾಗಿದ್ದ ಹುಡುಗಿಗೆ ತೂಕದ ಚಿಂತೆ ಯಾಕೆ? ಸದ್ದಿಲ್ಲದೆ ಎದ್ದು ಬಂದು ಅವಳನ್ನು ಹಿಂಬದಿಯ ತೂಕದ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ತೂಕ ಆಮೇಲೆ. ಎಷ್ಟು ದಿನ ತಡ ಆಗಿದೆ?”

“ಹತ್ತು ದಿನ,” ಎಂದವಳೇ ಹುಡುಗಿ ಅಳತೆ ಟೇಪಿನಲ್ಲೇ ಕಣ್ಣೊರೆಸಿಕೊಂಡಳು. “ನಮ್ಮಮ್ಮಂಗೆ ಹೇಳ್ತೀರಾ?”

“ನಿಮ್ಮಮ್ಮ ತನ್ನ ವಿಷಯ ನಂಗೆ ಹೇಳಿದಾಗ ನಾನು ನಿಂಗೆ ಬಂದು ಹೇಳಿದ್ನಾ?”

ಹುಡುಗಿಗೆ ಅಳುವಿನ ನಡುವೆಯೇ ನಗು ಬಂತು. ಪರೀಕ್ಷೆಯ ಕಿಟ್ಟಿನಲ್ಲಿ ಒಂದೇ ಗೆರೆ ಮೂಡಿತು. ಭಯ ಪಡುವಂಥದ್ದಿಲ್ಲ, ಇನ್ನೊಂದು ವಾರದಲ್ಲಿ ಮುಟ್ಟಾಗದಿದ್ದರೆ ಮತ್ತೆ ಬಾ ಎಂದಳು ಸೂಜಿಯಮ್ಮ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಏನೇನು ಉಪಾಯಗಳಿವೆ, ಯಾವುದನ್ನು ಹೇಗೆ ಬಳಸಬೇಕು ಅಂತ ಹೊಸ ಕುಕ್ಕರಿನ ಬಗ್ಗೆ ಹೇಳುವಷ್ಟು ಸಲೀಸಾಗಿ ಹೇಳಿದಳು. ಹೊರಡುವಾಗ, “ನಿನ್ನ ಗೆಳತೀರಿಗೂ ಹೇಳು. ಕಿಟಕೀಲಿ ತೂಕ ಅಂದ್ರೆ ಸಾಕು,” ಎಂದಳು.

ಮಾರನೆಯ ದಿನ ಬೋರ್ಡು ಬಣ್ಣ ಬಳಿಸಲು ಹೋಯಿತು. ಎಂಥ ಬಣ್ಣವೋ ಏನೋ, ಅದು ವಾಪಸ್ಸೇ ಬರಲಿಲ್ಲ. ಬೀರು ತೂಕದ ಕೋಣೆ ಸೇರಿತು.

ಅಲ್ಲಿಂದ ಊರಿನ ಯುವಜನರಿಗೆ ತೂಕದ ಹುಚ್ಚು ಹಿಡಿಯಿತು. ಬೇಕರಿಯಲ್ಲಿ ದುಡಿಯುವವರು, ಕಾಲೇಜಿನವರು, ಮುಂದಿನ ತಿಂಗಳು ಮದುವೆಯಿದ್ದವರು, ಮದುವೆಯ ಸುದ್ದಿಯೇ ಬೇಡ ಎನ್ನುವವರು, ಎಲ್ಲರೂ ಬಂದರು. ಮೈಕುವಿಗೆ ತಲೆ ಕೆಟ್ಟಿತು. “ಅಕ್ಕಾ, ಈ ಹುಡುಗ ವಾರದಲ್ಲಿ ಮೂರನೇ ಸಲ ಬಂದಿದ್ದಾನೆ. ಒಂದು ಗ್ರಾಮಾದ್ರೂ ಏರಿದ್ದಾನಾ ಕೇಳಿ!” ಎಂದು ಕಿಟಕಿಯಿಂದಲೇ ಕೂಗುತ್ತಿದ್ದ. ಜನರ ಆರೋಗ್ಯಪ್ರಜ್ಞೆ ಮೆಚ್ಚಿ ಹೊಸ ತೂಕದ ಯಂತ್ರ ಬೇಕೆಂದು ತಾನೇ ಅರ್ಜಿ ಬರೆದ. ಯಂತ್ರ ಬಂದೂ ಬಿಟ್ಟಿತು. ಸೂಜಿಯಮ್ಮ ಅದರ ಮೇಲೆ ತನ್ನ ಚೀಲ ಇಡುತ್ತಿದ್ದಳು.

ಗಂಟೆಗೊಂದು ಬಸ್ಸಿರುವ ಪಕ್ಕದ ಊರಿನ ಕೇಂದ್ರದಲ್ಲಿ ಅವಳ ಗೆಳತಿಯೊಬ್ಬಳು ನರ್ಸಾಗಿದ್ದಳು, ಅವಳಿಗಿಂತ ಕಿರಿಯಳು. ಸೂಜಿಯಮ್ಮ ಅವಳಿಗೂ ಈ ಉಪಾಯ ಹೇಳಿಕೊಟ್ಟಳು. ಜೊತೆಗೆ ಒಂದು ತಾಕೀತು: “ಬಂದವರ ಹೆಸರು ಸ್ವಂತ ಗಂಡನ ಮುಂದೂ ಬಾಯಿಬಿಡಬೇಡ. ಒಂದು ಸಲ ಸುದ್ದಿ ಸೋರಿದ್ರೆ ಮುಗೀತು.”

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಸೂಜಿಯಮ್ಮ ಬಟ್ಟೆ ನೆನೆಹಾಕಲು ಕೂತಳು. ಕಾಲೇಜಿನ ಕೊನೆಯ ವರ್ಷದಲ್ಲಿದ್ದ ಮಗಳ ಪ್ಯಾಂಟಿನ ಜೇಬಿನಲ್ಲಿ ಮಡಚಿದ ಚೀಟಿ ಸಿಕ್ಕಿತು. ಪಕ್ಕದ ಊರಿನ ಆರೋಗ್ಯ ಕೇಂದ್ರದ ಮೊಹರು. ತೊಂದರೆ ಎಂಬ ಜಾಗದಲ್ಲಿ ಒಂದೇ ಪದ: ತೂಕ.

ಸೂಜಿಯಮ್ಮ ಸೋಪಿನ ಕೈಯಲ್ಲೇ ಫೋನ್ ಎತ್ತಿಕೊಂಡಳು.

“ನನ್ನ ಮಗಳು ನಿನ್ನ ಹತ್ರ ಬಂದಿದ್ಲಾ?”

“ಯಾರ ಮಗಳು?” ಎಂದಳು ಗೆಳತಿ.

“ನನ್ನ ಮಗಳು ಕಣೇ! ನಿನ್ನ ಮದುವೇಲಿ ನಿನ್ನ ಸೀರೆ ಮೇಲೆ ಉಚ್ಚೆ ಹೊಯ್ದವಳು!”

“ಆಗ ಅವಳು ಮಗು ಅಕ್ಕ. ಈಗ ಹೇಗಿದ್ದಾಳೋ, ನಂಗೇನು ಗೊತ್ತು?”

“ಏನೂ ಬೇಡ, ಗಾಬರಿ ಪಡೋ ವಿಷಯವಾ, ಅಲ್ವಾ, ಅಷ್ಟು ಹೇಳು.”

“ಅಕ್ಕಾ, ಒಲೆ ಮೇಲೆ ಹಾಲಿಟ್ಟಿದ್ದೀನಿ,” ಎಂದು ಗೆಳತಿ ಫೋನ್ ಇಟ್ಟುಬಿಟ್ಟಳು.

ಸೂಜಿಯಮ್ಮನಿಗೆ ಮೈಯೆಲ್ಲ ಉರಿಯಿತು. ಇಷ್ಟು ಚೆನ್ನಾಗಿ ಕಲಿಸಬಾರದಿತ್ತು. ಊರಿನ ಮಕ್ಕಳೆಲ್ಲ ತನ್ನ ಹತ್ತಿರ ಮನಸ್ಸು ಬಿಚ್ಚುತ್ತಾರೆ ಅಂತ ಬೀಗುತ್ತಿದ್ದವಳ ಸ್ವಂತ ಮಗಳು ಬಸ್ಸು ಹತ್ತಿ ಬೇರೆಯವರ ಹತ್ತಿರ ಹೋಗಿದ್ದಾಳೆ! ಉರಿಯ ಅಡಿಯಲ್ಲಿ ಭಯವೂ ಇತ್ತು. ಬೇರೆಯವರ ಮಕ್ಕಳ ವಿಷಯದಲ್ಲಿ ಒಂದು ದಿನವೂ ಹೆದರದವಳು ಈಗ ಆ ಒಂದೇ ಪದವನ್ನು ಮತ್ತೆ ಮತ್ತೆ ಓದಿದಳು.

ಚೀಟಿಯನ್ನು ಮೊದಲಿದ್ದ ಹಾಗೇ ಮಡಚಿ ಮಗಳ ಪುಸ್ತಕದ ಮೇಲಿಟ್ಟಳು. ಏನೂ ಕೇಳಲಿಲ್ಲ. ಒಂದು ದಿನ, ಎರಡು ದಿನ. ನಾಲಿಗೆ ತುರಿಸಿದಾಗಲೆಲ್ಲ ಒಂದು ಲೋಟ ನೀರು ಕುಡಿದಳು. ಮೂರನೆಯ ದಿನ ಗಂಡ, “ಇಷ್ಟು ನೀರು ಕುಡೀತಿದ್ದೀಯಲ್ಲ, ಸಕ್ಕರೆ ಕಾಯಿಲೆ ಏನಾದ್ರೂ ಬಂತಾ?” ಎಂದು ಗಾಬರಿಯಾದ.

ನಾಲ್ಕನೆಯ ದಿನ ಸಂಜೆ ಸೊಪ್ಪು ಬಿಡಿಸುತ್ತಿದ್ದಾಗ ಮಗಳೇ ಬಂದು ಎದುರಿಗೆ ಕೂತಳು.

“ನೀನು ಏನೂ ಕೇಳಲ್ವಾ?”

“ಏನ್ ಕೇಳಲಿ?”

“ಚೀಟಿ ಓದಿದ್ದೀಯ.”

“ಇಲ್ಲಪ್ಪ. ಮಡಚಿತ್ತು, ಹಾಗೇ ಇಟ್ಟೆ.”

“ಸುಳ್ಳು.”

“ಹೂಂ, ಸುಳ್ಳು.”

ಮಗಳು ಒಂದು ದಂಟು ತೆಗೆದುಕೊಂಡು ಎಲೆ ಬಿಡಿಸತೊಡಗಿದಳು. “ತಿಂಗಳಿಗೆ ಮೂರು ದಿನ ಹೊಟ್ಟೆನೋವಲ್ಲಿ ಎದ್ದು ನಿಲ್ಲೋಕಾಗಲ್ಲ. ಒಂದು ವರ್ಷದಿಂದ. ಆಂಟಿ ಸ್ಕ್ಯಾನ್ ಮಾಡಿಸು ಅಂದಿದ್ದಾರೆ.”

“ಒಂದು ವರ್ಷ! ನಂಗೆ ಯಾಕೆ ಹೇಳ್ಲಿಲ್ಲ?”

“ಹೇಳಿದ್ದೆ. ಎಲ್ಲರಿಗೂ ಬರುತ್ತೆ, ಬಿಸಿನೀರು ಇಟ್ಕೋ ಅಂದೆ ನೀನು.”

ಸೂಜಿಯಮ್ಮ ಸೊಪ್ಪು ಕೆಳಗಿಟ್ಟಳು. ನೆನಪಾಯಿತು. ಅವತ್ತು ಕೆಲಸದ ಗಡಿಬಿಡಿಯಲ್ಲಿ ತಲೆಯನ್ನೂ ಎತ್ತದೆ ಹೇಳಿದ್ದಳು. ಕೋಣೆಗೆ ಬಂದ ಪರರ ಮಕ್ಕಳಿಗೆ ಅವಳು ಎಂದೂ ಹಾಗೆ ಹೇಳಿದವಳಲ್ಲ.

“ತಪ್ಪಾಯ್ತು ಕಣೇ,” ಎಂದಳು.

“ಇನ್ನೊಂದು ವಿಷಯಾನೂ ಕೇಳ್ಕೊಂಡು ಬಂದೆ,” ಎಂದಳು ಮಗಳು. “ಅದನ್ನ ನಿಂಗೆ ಹೇಳಲ್ಲ.”

ಸೂಜಿಯಮ್ಮ ಎದ್ದು ಹೋಗಿ ಇನ್ನೊಂದು ಲೋಟ ನೀರು ಕುಡಿದು ಬಂದಳು.

ಸ್ಕ್ಯಾನಿನಲ್ಲಿ ಗರ್ಭಕೋಶದ ಪಕ್ಕ ಒಂದು ಗಡ್ಡೆ ಕಂಡಿತು. ದೊಡ್ಡದೇನಲ್ಲ, ಔಷಧಿಯಲ್ಲಿ ನೋಡೋಣ ಎಂದರು ಡಾಕ್ಟರು. ಕೆಲವು ತಿಂಗಳಲ್ಲಿ ಮಗಳು ಆ ಮೂರು ದಿನವೂ ಕಾಲೇಜಿಗೆ ಹೋಗುವಂತಾದಳು.

ಸೂಜಿಯಮ್ಮನ ತಲೆಯಲ್ಲಿ ಮಾತ್ರ ಇನ್ನೊಂದು ಲೆಕ್ಕ ಓಡುತ್ತಿತ್ತು. ತನ್ನ ಬೀದಿಯ ಒಂದು ಮಗುವೂ ತನ್ನ ಕೋಣೆಗೆ ಬಂದಿಲ್ಲವಲ್ಲ! ಗೆಳತಿಯನ್ನು ಕೇಳಿದರೆ ಅವಳ ಕಥೆಯೂ ಅದೇ. ಗೊತ್ತಿರುವ ಮುಖದ ಮುಂದೆ ಬಾಯಿ ತೆರೆಯುವುದಿಲ್ಲ. ಇಬ್ಬರೂ ಸೇರಿ ಎರಡೂ ಕೇಂದ್ರಗಳ ಡಾಕ್ಟರುಗಳನ್ನು ಒಪ್ಪಿಸಿ, ಪ್ರತಿ ಗುರುವಾರ ಊರು ಅದಲುಬದಲು ಮಾಡಿಕೊಂಡರು. ಹೊಸ ನರ್ಸ್ ಬಂದಿದ್ದಾಳೆ ಅಂತ ಸುದ್ದಿ ಹರಡುವ ಕೆಲಸವನ್ನು ಮೈಕುವೇ ವಹಿಸಿಕೊಂಡ. ಮೊದಲ ಸಲ ಆ ಗಂಟಲು ಉಪಯೋಗಕ್ಕೆ ಬಂತು.

ಮೊದಲ ಗುರುವಾರ ಸೂಜಿಯಮ್ಮ ಪಕ್ಕದ ಊರಿನ ಕೋಣೆಯಲ್ಲಿ ಕೂತಳು. ಹನ್ನೊಂದು ಗಂಟೆಗೆ ಬಾಗಿಲು ತೆರೆದು ತಲೆ ಒಳಗಿಟ್ಟವನು ಅವಳದೇ ಬೀದಿಯ ಸೈಕಲ್ ಅಂಗಡಿಯವನು, ಇಪ್ಪತ್ಮೂರರ ತರುಣ. ಅವಳ ಕಣ್ಣು ತಪ್ಪಿಸಬೇಕೆಂದೇ, ಮೈಕು ಸುದ್ದಿ ಕೂಗುವ ಮೊದಲೇ ಬೆಳಗಿನ ಬಸ್ಸು ಹಿಡಿದು ಬಂದಿದ್ದ. ಅವನ ಮುಖ ಸುಣ್ಣದ ಗೋಡೆಯಾಯಿತು.

“ನಾನು... ದಾರಿ ತಪ್ಪಿ...”

“ಇಷ್ಟು ದೂರ ದಾರಿ ತಪ್ಪೋಕೆ ನೀನೇನು ಎಳೇ ಮಗುವಾ? ಕೂತ್ಕೋ. ನಂಗೆ ಇಲ್ಲಿ ಯಾರ ಪರಿಚಯಾನೂ ಇಲ್ಲ. ನಿನ್ನದೂ ಇಲ್ಲ.”

ಅವನು ಒಂದು ನಿಮಿಷ ಬಾಗಿಲು ಹಿಡಿದು ನಿಂತ. ಆಮೇಲೆ ಕೂತ. ಕೂತ ಮೇಲೆ ಅರ್ಧ ಗಂಟೆ ಮಾತಾಡಿದ.

ಅವನು ಅಂಗಡಿಗೆ ಸಾಮಾನು ಕೊಂಡು ಮುಗಿಸುವಷ್ಟರಲ್ಲಿ ಸಂಜೆಯಾಯಿತು, ಇಬ್ಬರೂ ಒಂದೇ ಬಸ್ಸಿನಲ್ಲಿ ಊರಿಗೆ ಹೊರಟರು. ಅವನು ಮುಂದಿನ ಸೀಟಿನಲ್ಲಿ, ಅವಳು ಹಿಂದಿನದರಲ್ಲಿ, ಗುರುತೇ ಇಲ್ಲದವರ ಹಾಗೆ. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರು, “ಇಬ್ಬರೂ ಒಂದೇ ಬೀದಿಯವರಲ್ವಾ?” ಎಂದ.

“ಅಲ್ಲ,” ಎಂದರು ಇಬ್ಬರೂ ಒಟ್ಟಿಗೆ.