ಹೊಸ ಪಟ್ಟಿ ಬಂದ ಭಾನುವಾರ

ಅಮೆರಿಕದ ದಕ್ಷಿಣದ ಕಡಲತಳದಲ್ಲಿ ಒಂದು ಚೌಕ ಜಾಗ. ಅದರಡಿ ಎಣ್ಣೆ ಇದೆ ಎಂದು ನಾಲ್ಕು ವರ್ಷ ನಕ್ಷೆ ನೋಡಿ ನೋಡಿ ಕಣ್ಣು ಕೆಡಿಸಿಕೊಂಡು ಹೇಳಿದವಳು ನಾನು. ಈಗ ಅಲ್ಲಿ ಬೇರೆ ಕಂಪನಿಯವರು ಕೊರೆಯುತ್ತಿದ್ದಾರೆ. ಕೊರೆಯಲಿ, ಅವರ ಹೊಟ್ಟೆ ತಣ್ಣಗಿರಲಿ. ನನ್ನ ಸಿಟ್ಟು ಅವರ ಮೇಲಲ್ಲ.

ಇಲ್ಲಿನ ಸರ್ಕಾರ ಕಡಲತಳವನ್ನು ಚೌಕ ಚೌಕವಾಗಿ ಹರಾಜು ಹಾಕಿ ಗುತ್ತಿಗೆಗೆ ಕೊಡುತ್ತದೆ. ಇಬ್ಬರು ಸೇರಿ ಬಿಡ್ ಹಾಕಬಹುದು. ಆದರೆ ತೀರಾ ದೊಡ್ಡ ಕಂಪನಿಗಳು ತಮ್ಮತಮ್ಮಲ್ಲೇ ಜೋಡಿಯಾಗುವಂತಿಲ್ಲ. ದೊಡ್ಡವರೆಲ್ಲ ಒಂದಾದರೆ ಪೈಪೋಟಿ ಎಲ್ಲಿಂದ ಬರಬೇಕು? ಹಾಗೆ ಜೋಡಿಯಾಗಬಾರದವರು ಯಾರು ಯಾರು ಎಂದು ಆರು ತಿಂಗಳಿಗೊಮ್ಮೆ ಒಂದು ಪಟ್ಟಿ ಹೊರಡುತ್ತದೆ. ಅವರ ಕೈಕೆಳಗಿನ ಕಂಪನಿಗಳ ಹೆಸರೂ ಅದರಲ್ಲಿರುತ್ತದೆ. ನಮ್ಮ ಕಂಪನಿ ಪಟ್ಟಿಯಲ್ಲಿತ್ತು. ಅರ್ಧ ಪಾಲಿಗೆ ನಮ್ಮ ಜೊತೆ ಬಂದ ಪುಟ್ಟ ಕಂಪನಿ ಇರಲಿಲ್ಲ.

ಪಟ್ಟಿ ನೋಡಿ ಈ ಜೋಡಿಗೆ ಒಪ್ಪಿಗೆ ಕೊಟ್ಟವರು ನಮ್ಮ ವಿಭಾಗದ ಮುಖ್ಯಸ್ಥರು, ಮೈಸೂರಿನವರು. ಆಫೀಸಿನಲ್ಲಿ ಎಲ್ಲರೂ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನನಗೊಬ್ಬಳಿಗೆ ಅವರು 'ಸರ್'. ಧಾರವಾಡದವಳಾದ ನನ್ನನ್ನು ಕೆಲಸಕ್ಕೆ ತೆಗೆದುಕೊಂಡವರು ಅವರೇ. ನನ್ನ ಬಾಣಂತನದಲ್ಲಿ ಅವರ ಹೆಂಡತಿ ತಿಂಗಳಿಡೀ ಮೆಣಸಿನ ಸಾರು ಕಳಿಸಿದ್ದರು.

ಹರಾಜು ಮೂರು ವಾರ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಹೊಸ ಪಟ್ಟಿ ಜಾರಿಗೆ ಬಂತು. ಆ ಭಾನುವಾರ ಬೆಳಿಗ್ಗೆ ಮಿಲ್ಪಿಟಾಸ್‌ನ ಮನೆಯಲ್ಲಿ ಸೀರೆ ಉಟ್ಟು, ಗಂಡ ಹೊರಡಲಿ ಎಂದು ಕಾಯುತ್ತ ಕೂತವಳು ಸುಮ್ಮನೆ ಫೋನಿನಲ್ಲಿ ಅದನ್ನು ತೆರೆದೆ. ನಮ್ಮ ಜೊತೆಗಿದ್ದ ಪುಟ್ಟ ಕಂಪನಿ ಇನ್ನೊಂದು ದೊಡ್ಡ ಕಂಪನಿಯ ಹೆಸರಿನ ಕೆಳಗೆ ಕೂತಿತ್ತು. ಚಳಿಗಾಲದಲ್ಲಿ ಅವರು ಇವರನ್ನು ಕೊಂಡದ್ದು ನಮಗೆ ಗೊತ್ತೇ ಇತ್ತು. ಹಳೆಯ ಪಟ್ಟಿ ನಡೆಯುವವರೆಗೆ ತೊಂದರೆಯಿಲ್ಲ ಎಂದಿದ್ದರು ಸರ್. ಈಗ ನಮ್ಮ ಜಂಟಿ ಬಿಡ್ ಕಸದ ಬುಟ್ಟಿಗೆ ಹೋಗುವುದು ಖಂಡಿತ. ಆದರೆ ಹರಾಜು ಬುಧವಾರ, ಬಿಡ್ ಹಾಕಲು ಮಂಗಳವಾರ ಬೆಳಿಗ್ಗೆಯವರೆಗೆ ಸಮಯವಿತ್ತು. ನಾವೊಬ್ಬರೇ ಹೊಸದಾಗಿ ಬಿಡ್ ಹಾಕಿದರೆ ಜಾಗ ಉಳಿಯುತ್ತಿತ್ತು.

ಅವತ್ತು ಲಿವರ್‌ಮೋರ್‌ನಲ್ಲಿ ಸರ್ ಮನೆಯಲ್ಲೇ ಸತ್ಯನಾರಾಯಣ ಪೂಜೆ. ಫ್ರೀವೇ ಉದ್ದಕ್ಕೂ ನಾನು ಗಂಡನ ಮುಂದೆ ಇದನ್ನೇ ಒದರಿದೆ.

"ಏ, ಪೂಜಾದ ಮನ್ಯಾಗ ಇಂಥಾದ್ದು ಬಾಯಿ ಬಿಡಬ್ಯಾಡ ನೀ," ಎಂದ ಅವನು. "ಮಂಗಳಾರತಿ ಆಗ್ಲಿ, ಆಮ್ಯಾಲೆ ಹೇಳಿದ್ರಾತು."

ಸರ್ ರೇಷ್ಮೆ ಪಂಚೆ ಉಟ್ಟು ಮಣೆಯ ಮೇಲೆ ಕೂತಿದ್ದರು. ಕಥೆಯ ಐದೂ ಅಧ್ಯಾಯ ಕೈಮುಗಿದು ಕೂತೆ. ಒಂದಕ್ಷರ ತಲೆಗೆ ಹೋಗಲಿಲ್ಲ. ಮಂಗಳಾರತಿ ಮುಗಿದ ಮೇಲೆ ಅಡುಗೆಮನೆಯ ಬಾಗಿಲಲ್ಲಿ ಅವರು ಸಿಕ್ಕರು.

"ಸರ್, ಆ ಹೊಸ ಲಿಸ್ಟು..."

"ಅಯ್ಯೋ, ಇವತ್ತು ಆಫೀಸ್ ವಿಷ್ಯ ಬೇಡಮ್ಮಾ. ಲಿಸ್ಟೆಲ್ಲ ನಾನು ನೋಡಿ ಆಗಿದೆ. ಮೊದ್ಲು ಪ್ರಸಾದ ತಗೋ." ಆಮೇಲೆ ಪಕ್ಕದವರ ಕಡೆ ತಿರುಗಿದರು. "ನೋಡಿ, ಈ ಹುಡ್ಗಿಗೆ ಸಂಡೇನೂ ಕೆಲ್ಸಾನೇ!"

ಎಲ್ಲರೂ ನಕ್ಕರು. ಕೈಗೆ ಸಪಾದಭಕ್ಷ್ಯ ಬಿತ್ತು. ನಾನು ಬಾಯಿ ಮುಚ್ಚಿಕೊಂಡು ತಿಂದೆ. ಥೂ, ನನ್ನ ಜನ್ಮಕ್ಕಿಷ್ಟು!

ಸೋಮವಾರ ಸರ್ ರಜೆ. ಕಂಪನಿಯ ವಕೀಲೆ ನನ್ನಿಂದ ಎರಡು ಮೇಜು ಆಚೆ ಕೂರುತ್ತಿದ್ದಳು. ಎದ್ದು ಹೋಗಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಎರಡು ಸಲ ಎದ್ದೆ, ಎರಡು ಸಲವೂ ನೀರು ಕುಡಿದು ಬಂದು ಕೂತೆ. ಅವರ ಮನೆಯ ಉಪ್ಪು ತಿಂದವಳು ಅವರ ಬೆನ್ನ ಹಿಂದೆ ಅವರ ತಪ್ಪು ಹೇಳುವುದು ಹೇಗೆ? ಹಿರಿಯರು ನೋಡಿ ಆಗಿದೆ ಎಂದಿದ್ದಾರೆ, ನೋಡಿರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೋಡಿದ್ದರು, ಹಳೆಯದನ್ನು.

ಬುಧವಾರ ಹರಾಜಿನಲ್ಲಿ ನಮ್ಮ ಬಿಡ್ ಅನರ್ಹವಾಯಿತು. ಆ ಚೌಕಕ್ಕೆ ಇದ್ದದ್ದು ಇನ್ನೊಂದೇ ಬಿಡ್, ಅದೂ ನಮ್ಮದಕ್ಕಿಂತ ಎಷ್ಟೋ ಕಡಿಮೆ. ಜಾಗ ಅವರ ಪಾಲಾಯಿತು. ನಾನು ರೆಸ್ಟ್‌ರೂಮಿಗೆ ಹೋಗಿ ಅತ್ತೆ.

ವಿಚಾರಣೆ ಆಯಿತು. ಭಾನುವಾರವೇ ನಾನು ಪಟ್ಟಿ ತೆರೆದದ್ದು ಆಫೀಸಿನ ಫೋನಿನಲ್ಲಿ ದಾಖಲಾಗಿತ್ತು. ಮತ್ತೆ ಯಾರಿಗೂ ಯಾಕೆ ಹೇಳಲಿಲ್ಲ ಎಂದು ವಕೀಲೆ ಕೇಳಿದಳು. ಸರ್ ಎದುರಿಗೇ ಕೂತಿದ್ದರು. 'ಅವಳು ಹೇಳಲು ಬಂದಿದ್ದಳು, ನಾನೇ ತಡೆದೆ' ಎಂದು ಅವರು ಒಂದು ಮಾತು ಅಂದಿದ್ದರೆ ಸಾಕಿತ್ತು. ನಾನು ಅವರ ಮುಖವನ್ನೇ ನೋಡಿದೆ. ಅವರು ಕನ್ನಡಕ ಒರೆಸುತ್ತ ಕೂತರು. ಪೂಜೆ, ಪ್ರಸಾದ, ಬಾಣಂತನದ ಸಾರು, ಇದನ್ನೆಲ್ಲ ಆ ಹೆಂಗಸಿಗೆ ಎಲ್ಲಿಂದ ಶುರುಮಾಡಿ ಹೇಳಲಿ? ಹೇಳಿದರೆ ಸರ್ ಮಾನ ಏನಾಗಬೇಕು?

"ಮರೆತೆ," ಎಂದುಬಿಟ್ಟೆ. ಅವಳು ಬರೆದುಕೊಂಡಳು.

ಸಂಜೆ ಸರ್ ನನ್ನ ಕಾರಿನವರೆಗೆ ನಡೆದು ಬಂದರು. "ಮನೆ ಮಾತು ಹೊರಗೆ ಹಾಕ್ಲಿಲ್ಲ ನೀನು. ಒಳ್ಳೇ ಸಂಸ್ಕಾರ ಕಣಮ್ಮಾ," ಎಂದರು. ಕಣ್ಣು ಒದ್ದೆಯಾಗಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಹೆಮ್ಮೆಯೇ ಆಯಿತು.

ಹತ್ತು ದಿನಕ್ಕೆ ಕೆಲಸದಿಂದ ತೆಗೆದ ಪತ್ರ ಬಂತು. ಪಟ್ಟಿ ನೋಡಿಯೂ ಮೇಲಿನವರಿಗೆ ತಿಳಿಸಲು ಮರೆತದ್ದನ್ನು ಈಕೆಯೇ ಒಪ್ಪಿಕೊಂಡಿದ್ದಾಳೆ ಎಂದಿತ್ತು. ಕೆಳಗೆ ಸರ್ ಸಹಿ ಇತ್ತು.