ತಾಯಮ್ಮನ ಬಾಯಿಗೆ ನಾನಿಟ್ಟ ಮಾತು

ಸತ್ತವಳ ಹೆಸರಿನಲ್ಲಿ ನಾನು ಸುಳ್ಳು ಹೇಳಿದ್ದೇನೆ. ಅದನ್ನು ನಂಬಿದವರು ವಾಲ್ಟರ್ ಸಾಹೇಬರು — ಅಮೆರಿಕದಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದವರು.

ತೊಂಬತ್ತರ ದಶಕದಲ್ಲಿ ಅವರು ನಂಜನಗೂಡಿನ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದರು. ಆಗಿನ್ನೂ ಕೆಲಸ ಕಾಯಂ ಆಗದ ಮೇಷ್ಟ್ರು. ಬಡವರ ಮನೆಯಲ್ಲಿ ಹೆಂಗಸಿನ ಮಾತು ಎಷ್ಟು ನಡೆಯುತ್ತದೆ ಎಂದು ಹಳ್ಳಿ ಹಳ್ಳಿ ಕೇಳುತ್ತಿದ್ದರು. ಮದುವೆಗೆ ಮುಂಚೆ ಕಾಲೇಜು ಕಂಡವಳೆಂದು ನಾನು ದುಭಾಷಿ. ಮನೆಯವರು ಬೇಡವೆನ್ನಲಿಲ್ಲ — ನಂಜುಂಡೇಶ್ವರನ ದಯೆ.

ಅಂದು ಮಹಾಲಯ ಅಮಾವಾಸ್ಯೆ. ತಿ. ನರಸೀಪುರದ ಆಚೆಯ ಹಳ್ಳಿಯೊಂದರಲ್ಲಿ ಸಿದ್ದಮ್ಮ ಎಂಬ ಮುದುಕಿ ಮುಚ್ಚಿದ ಬಾಗಿಲ ಮುಂದೆ ಕೂತಿದ್ದಳು.

"ಈ ಕೆಂಪ್ ಮೂತಿ ಸಾವ್ಕಾರ್ರಿಗೆ ನಮ್ಮ ಅಡ್ಗೆಮನೆ ಸುದ್ದಿ ಯಾಕವ್ವ? ಅವರವ್ವ ಉಣ್ಣಕ್ಕಿಕ್ಕಾಕಿಲ್ವಾ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಒಳ್ಗೆ ಸೊಸೆ ತಾಯಮ್ಮ ಉಣ್ತಾವ್ಳೆ. ಬಾಗ್ಲು ತಗೀಬ್ಯಾಡಿ."

ನನಗೆ ತಿಳಿಯಿತು. ಸತ್ತವರಿಗೆ ಎಡೆ ಇಟ್ಟು, ಹೊಸ ಸೀರೆ ಇಟ್ಟು, ಅವರು ಉಂಡು ಏಳಲಿ ಎಂದು ಬಾಗಿಲು ಮುಚ್ಚುವುದು ನಮ್ಮಲ್ಲಿ ರೂಢಿ. ಒಳಗೆ ಸೊಸೆ ಉಣ್ಣುತ್ತಿದ್ದಾಳೆ ಎಂದಷ್ಟೇ ಇಂಗ್ಲಿಷಿಗೆ ತಿರುಗಿಸಿದೆ; ಸಾಹೇಬರಿಗೆ ಒಳಗುಟ್ಟು ತಿಳಿಯಲಿಲ್ಲ. ಮನೆಯ ಎಮ್ಮೆ ಮಾರುವುದು ಯಾರ ಇಷ್ಟ ಎಂದು ಆ ಸೊಸೆಯನ್ನೇ ಕೇಳಬೇಕು, ಕಾಯುತ್ತೇನೆ ಎಂದರು.

ಎಡೆಯ ಹೊತ್ತಿನಲ್ಲಿ ಸತ್ತಿದ್ದಾಳೆ ಎನ್ನಬಾರದು ಎಂದುಕೊಂಡೆ — ಇಲ್ಲ, ಅದು ನೆಪ. ಬಸ್ಸು ತಪ್ಪುವ ಭಯ ನನಗೆ. ಬಾಗಿಲಿಗೆ ಬಾಯಿಟ್ಟು ಪಿಸುಗುಟ್ಟಿದಂತೆ ಮಾಡಿದೆ. ಯೋಚಿಸುವ ಮೊದಲೇ ಉತ್ತರ ಮನಸ್ಸಿಗೆ ಬಂದಿತ್ತು, ಹಳ್ಳಿಯ ಮಾತಿನಲ್ಲೇ: "ಎಮ್ಮೆ ನಂದು. ಮಾರೋದೂ ಬುಡೋದೂ ನನ್ನಿಷ್ಟ." ಬಾಯಿಬಿಟ್ಟು ಹೇಳಿದ್ದು ಮಾತ್ರ ಇಂಗ್ಲಿಷಿನಲ್ಲಿ, ಸಾಹೇಬರಿಗೆ.

ಅವರ ಕಣ್ಣು ತುಂಬಿತು. ಇಂಥ ಹೆಂಗಸನ್ನೇ ಹುಡುಕುತ್ತಿದ್ದೆ ಎಂದರು. ತಾಯಮ್ಮನ ಮೇಲೆಯೇ ಪುಸ್ತಕ ಬರೆದರು. ಕೆಲಸ ಕಾಯಂ ಆಯಿತು, ದೊಡ್ಡ ಪ್ರೊಫೆಸರ್ ಆದರು. ವರ್ಷ ವರ್ಷ ಅಲ್ಲಿಯ ಮಕ್ಕಳಿಗೆ ಅವಳನ್ನೇ ಪಾಠ ಮಾಡಿದರು. ಹೇಗಿದ್ದಾಳೆ ಎಂದು ಫೋನಿನಲ್ಲಿ ಕೇಳಿದಾಗಲೆಲ್ಲ ನಾನು — ಚೆನ್ನಾಗಿದ್ದಾಳೆ ಎನ್ನುತ್ತಿದ್ದೆ.

ಹತ್ತು ಹನ್ನೆರಡು ವರ್ಷಗಳ ಮೇಲೆ ಮತ್ತೆ ಬಂದರು, ಕನ್ನಡ ಕಲಿತು. ನಾನು ಅಡಿಗೆಯಲ್ಲಿದ್ದಾಗ ಒಬ್ಬರೇ ಕಾರಿನಲ್ಲಿ ಆ ಹಳ್ಳಿಗೆ ಹೋಗಿದ್ದರು. ಸಿದ್ದಮ್ಮ ತೀರಿಹೋಗಿ, ಆ ಮನೆಗೆ ಬೀಗ ಬಿದ್ದು ಎಷ್ಟೋ ಕಾಲವಾಗಿತ್ತು. ಸಾಹೇಬರು ಮಾತ್ರ ನಗುನಗುತ್ತಾ ಬಂದರು.

"ಅಮ್ಮಾ, ತಾಯಮ್ಮ ಸಿಕ್ಕಿದರು! ಬಾಗಿಲಲ್ಲೇ ಕೂತಿದ್ದರು, ಹೊಸ ಸೀರೆ. ಈ ಸಲ ನಾನೇ ಕೇಳಿದೆ. ಏನಂದರು ಗೊತ್ತಾ? ಎಮ್ಮೆ ನಂದು. ಮಾರೋದೂ ಬುಡೋದೂ ನನ್ನಿಷ್ಟ."

ಕನ್ನಡದಲ್ಲಿ ಆ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ. ಅದು ನನ್ನ ಮನಸ್ಸಿನಲ್ಲಷ್ಟೇ —

"ಯಾಕಮ್ಮಾ, ಬೆವರುತ್ತಿದ್ದೀರಿ?"

"ಒಲೆ ಉರಿ ಕಣ್ರೀ," ಎಂದೆ. ಅದು ಇನ್ನೊಂದು ಸುಳ್ಳು.

ಈಗ ಅವರು ನಿವೃತ್ತರು. ಬದುಕಿದ್ದಾರೆ, ನಾನೂ ಇದ್ದೇನೆ — ನಿಜ ಹೇಳುವುದಕ್ಕೆ ದೇವರ ಅಷ್ಟು ಕರುಣೆ ಸಿಕ್ಕಿದೆ. ನಾಳೆ ಪೂಜೆ ಮುಗಿಸಿ ಫೋನ್ ಮಾಡುತ್ತೇನೆ. ಆ ಬಾಗಿಲ ಹಿಂದೆ ಉಸಿರಾಡುವವರು ಯಾರೂ ಇರಲಿಲ್ಲ, ಮಾತೆಲ್ಲ ನನ್ನದು ಎನ್ನುತ್ತೇನೆ. ಪುಸ್ತಕದ ಮರ್ಯಾದೆ ಹೋಗಬಹುದು. ನನ್ನದೂ ಹೋಗಲಿ. ಹಾಗಾದರೆ ಎರಡನೇ ಸಲ ಆ ಬಾಗಿಲಲ್ಲಿ ಕೂತು ನನ್ನ ಜೊತೆ ಮಾತಾಡಿದ್ದು ಯಾರು ಎಂದು ಅವರು ಕೇಳಿಯೇ ಕೇಳುತ್ತಾರೆ.

ನನಗೆ ಗೊತ್ತಿಲ್ಲ. ಈ ಸಲ ಉತ್ತರ ಕಟ್ಟುವುದಿಲ್ಲ.